ಜಗಲಿಯ ಮಾತು, ನಡುಮನೆಯ ಮಾತು

ಪಾಂಡವಪುರದ ನಮ್ಮ ಸೋದರತ್ತೆಗೆ ಮೇಲುಕೋಟೆಯೆಂದರೆ ಚೆಲುವನಾರಾಯಣ, ಪುಳಿಯೋಗರೆ, ಆಮೇಲೆ ಜಯಲಲಿತಾ. 1948ರ ಫೆಬ್ರವರಿ 24ರಂದು ಆಕೆ ಹುಟ್ಟಿದ್ದು ಅಲ್ಲಿಯೇ. ಕಾವೇರಿ ನೀರಿನ ವಿಷಯಕ್ಕೆ ಮಂಡ್ಯದವರು ಆಕೆಯನ್ನು ಎಷ್ಟೇ ಬೈಯಲಿ, "ನಮ್ಮ ಕಡೆಯ ಹುಡುಗಿ ಕಣೇ" ಎನ್ನುವುದನ್ನು ಅತ್ತೆ ಬಿಟ್ಟವರಲ್ಲ. ಆಕೆ ಪತ್ರಿಕೆಯವರಿಗೆ ಮುಖವನ್ನೇ ಕೊಡುವುದಿಲ್ಲವೆಂದು ಯಾರಾದರೂ ದೂರಿದರೆ, "ಕಂಡವರಿಗೆಲ್ಲ ಬಾಗಿಲು ತೆಗೆಯಬೇಕೇನು?" ಎಂದು ಗದರುತ್ತಿದ್ದರು.

ನನಗೂ ಬಹಳ ಕಾಲ ಹಾಗೇ ಅನ್ನಿಸಿತ್ತು. 1964ರಲ್ಲಿ, ಹದಿನಾರರ ವಯಸ್ಸಿಗೆ ‘ಚಿನ್ನದ ಗೊಂಬೆ’ಯ ನಾಯಕಿಯಾದಂದಿನಿಂದ ಊರೆಲ್ಲ ಆಕೆಯನ್ನು ನೋಡಿತು, ಆಡಿಕೊಂಡಿತು. 1987ರಲ್ಲಿ ಎಂ.ಜಿ.ಆರ್. ತೀರಿಕೊಂಡಾಗ ಶವದ ತಲೆಯ ಬಳಿ ನಿಂತದ್ದು, ಮೆರವಣಿಗೆಯ ಗಾಡಿಯಿಂದ ತಳ್ಳಿಸಿಕೊಂಡದ್ದು, 1989ರ ಮಾರ್ಚಿನಲ್ಲಿ ವಿಧಾನಸಭೆಯಿಂದ ಕೆದರಿದ ಕೂದಲಲ್ಲಿ ಹೊರಬಂದದ್ದು, ಎಲ್ಲವೂ ಸುದ್ದಿಯೇ. ಇಷ್ಟನ್ನು ಅನುಭವಿಸಿದ ಹೆಂಗಸು ಬಾಗಿಲು ಹಾಕಿಕೊಂಡರೆ ಅಹಂಕಾರವೆನ್ನಲು ನಾಲಿಗೆ ಏಳುವುದಿಲ್ಲ. ಮಾತು ಕಡಿಮೆಯಾದ ಗಂಡಸನ್ನು ಗಂಭೀರನೆನ್ನುವ ನಮ್ಮ ಬೀದಿಯಲ್ಲೂ, ಹೆಂಗಸು ಸುಮ್ಮನಿದ್ದರೆ ಜಂಬ.

ಆದರೆ ಎರಡು ಸಂದರ್ಶನಗಳು ನನ್ನನ್ನು ಯೋಚನೆಗೆ ಹಚ್ಚಿದವು. 1999ರಲ್ಲಿ ಸಿಮಿ ಗರೆವಾಲ್ ಎದುರು ಆಕೆ ತಾಯಿಯನ್ನು, ಬಾಲ್ಯವನ್ನು ನೆನೆದರು. ಹಳೆಯ ಹಿಂದಿ ಹಾಡೊಂದನ್ನೂ ಹಾಡಿದರು. 2004ರಲ್ಲಿ ಬಿಬಿಸಿಗಾಗಿ ಬಂದ ಕರಣ್ ಥಾಪರ್ ಆಡಳಿತದ ರೀತಿಯನ್ನು ಕೆದಕಿ ಕೇಳಿದಾಗ ಮಾತ್ರ ಸಿಡಿದರು. ನಿಮ್ಮೊಡನೆ ಮಾತಾಡಿ ಸಂತೋಷವಾಗಲಿಲ್ಲವೆಂದು ಮುಖಕ್ಕೇ ಹೇಳಿ, ನಮಸ್ತೆಯೆಂದು ಮುಗಿಸಿದರು.

ನಮ್ಮ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ಜಗಲಿ ಬೀದಿಗೆ ತೆರೆದದ್ದು. ದಾರಿಹೋಕನೂ ಕೂತು ಕೇಳಬಹುದು. ನಡುಮನೆಗೆ ಮಾತ್ರ ನಾವು ಕರೆದವರು. ಜಯಲಲಿತಾ ನಡುಮನೆಗೆ ಕರೆದು ಕೂರಿಸಿದರು, ಜಗಲಿಯಲ್ಲಿ ನಿಂತು ಕೇಳಿದವರನ್ನು ಓಡಿಸಿದರು. ಓಟು ಹಾಕಿದವರಿಗೆ ಬೇಕಿದ್ದದ್ದು ಜಗಲಿಯ ಮಾತಲ್ಲವೇ? ಆಕೆಯೇ ಮುಖ್ಯಮಂತ್ರಿಯಾಗಿದ್ದ 1994ರಲ್ಲಿ, ‘ನಕ್ಕೀರನ್’ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೆಚ್ಚುಕಡಿಮೆ ಇದನ್ನೇ ಹೇಳಿತ್ತು: ಮನೆ, ಮದುವೆ, ತಾಯ್ತನದ ವಿಷಯದಲ್ಲಿ ತನ್ನ ಪಾಡಿಗೆ ತಾನಿರುವ ಹಕ್ಕು ಪ್ರತಿಯೊಬ್ಬರದು; ಅಧಿಕಾರ ನಡೆಸಿದ ಬಗೆಗೆ ಆ ಮರೆ ಸಲ್ಲದು. ಆದರೂ ಆಕೆಯ ಸರ್ಕಾರ ಮಾನನಷ್ಟದ ಮೊಕದ್ದಮೆಗಳನ್ನು ಹೂಡುತ್ತಲೇ ಹೋಯಿತು.

2016ರ ಸೆಪ್ಟೆಂಬರ್ 22ರಂದು ಆಸ್ಪತ್ರೆ ಸೇರಿದ ಆಕೆ ಡಿಸೆಂಬರ್ 5ರಂದು ತೀರಿಕೊಂಡರು. ಅಷ್ಟು ದಿನವೂ ಒಂದು ಚಿತ್ರ ಹೊರಬರಲಿಲ್ಲ. ಉಪಚುನಾವಣೆಯ ಕಾಗದಕ್ಕೆ ಸಹಿಯ ಬದಲು ಹೆಬ್ಬೆಟ್ಟು ಬಂತು. ಇಲ್ಲಿ ನನ್ನ ಜಗಲಿ, ನಡುಮನೆಗಳ ಲೆಕ್ಕ ತಪ್ಪುತ್ತದೆ. ರೋಗಿಯ ಮಂಚ ನಡುಮನೆಗಿಂತಲೂ ಒಳಗಿನದು. ಆದರೆ ಖಾತೆಗಳನ್ನು ಇನ್ನೊಬ್ಬರಿಗೆ ವಹಿಸಿದ್ದು ಅಕ್ಟೋಬರ್ 11ಕ್ಕೆ. ಅಲ್ಲಿಯವರೆಗೆ ರಾಜ್ಯ ನಡೆಸಿದವರು ಯಾರೆಂದು ಕೇಳಿದವರದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಮರುವರ್ಷ ಡಿಸೆಂಬರಿನಲ್ಲಿ, ಆರ್.ಕೆ. ನಗರದ ಉಪಚುನಾವಣೆಗೆ ಒಂದು ದಿನವಿರುವಾಗ, ಆಕೆಯನ್ನು ಅಮ್ಮ ಎನ್ನುತ್ತಿದ್ದ ಬಳಗದವರೇ ಆಸ್ಪತ್ರೆಯ ಹಾಸಿಗೆಯ ವಿಡಿಯೋ ಹೊರಬಿಟ್ಟರು. ಟಿ.ವಿ.ಯಲ್ಲಿ ಅದು ಮತ್ತೆ ಮತ್ತೆ ಬಂತು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಎದ್ದುಹೋಗಿ ಆರಿಸಿದರು. "ನನ್ನನ್ನು ಹೀಗೆ ಯಾರಿಗೂ ತೋರಿಸಬೇಡ ಕಣೇ" ಎಂದರು.