ಬಾಣದ ಗುರುತು

ಹಳೆಯ ಬೆರಳಚ್ಚು ಯಂತ್ರಗಳನ್ನು ಕೂಡಿಹಾಕುವುದು ನನಗಂಟಿದ ಒಂದು ಚಟ. ಮನೆಯವರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ. ಅದನ್ನು ಇಲ್ಲಿ ಹೇಳಬೇಕಾದ್ದಿಲ್ಲ. ಸೈನ್ಯದಲ್ಲಿ ದುಡಿದು ಬಂದ ಯಂತ್ರವೆಂದರೆ ಮೋಹ ಇನ್ನೂ ಒಂದು ಕೈ ಹೆಚ್ಚು.

ಇಂಥ ಯಂತ್ರವನ್ನು ಗುರುತಿಸಬೇಕಾದ್ದು ಕಥೆಯಿಂದಲ್ಲ, ಕಬ್ಬಿಣದಿಂದ. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಒಮ್ಮೆ, “ಇದು ಮೈಸೂರು ಲ್ಯಾನ್ಸರ್ಸ್ ಜೊತೆ ಹೈಫಾಕ್ಕೆ ಹೋಗಿ ಬಂದದ್ದು ಸಾರ್” ಎಂದು ಒಂದನ್ನು ಮುಂದಿಟ್ಟರು. ನಮ್ಮ ಕುದುರೆಪಡೆ ಹೈಫಾದಲ್ಲಿ ಹೋರಾಡಿದ್ದು 1918ರ ಸೆಪ್ಟೆಂಬರ್ 23ರಂದು. ಚೌಕಟ್ಟಿನ ಮೇಲಿನ ಕ್ರಮಸಂಖ್ಯೆಯನ್ನು ಪಟ್ಟಿಯೊಡನೆ ಹೋಲಿಸಿದರೆ ಆ ಯಂತ್ರ ಹುಟ್ಟಿದ್ದೇ 1930ರ ಈಚೆಗೆ! ನಂಬತಕ್ಕ ಗುರುತೆಂದರೆ ಬ್ರಿಟಿಷ್ ಸರ್ಕಾರದ ಬಾಣ: ಮೇಲೆ ಒಂದೇ ತುದಿಯಲ್ಲಿ ಕೂಡುವ ಮೂರು ಗೀಟು. ನೆರೆಮನೆಯ ಅಯ್ಯಂಗಾರರು ಅದನ್ನು ನೋಡಿ, “ನಾಮವನ್ನು ತಲೆಕೆಳಗು ಮಾಡಿದ್ದಾರಲ್ರೀ” ಎಂದು ನೊಂದುಕೊಂಡರು. ಎರಡನೆಯ ಮಹಾಯುದ್ಧದ ಕಾಲದ ಕೆಲವು ಜರ್ಮನ್ ಯಂತ್ರಗಳಲ್ಲಿ ಅಂಕಿಯ ಕೀಲಿಯೊಂದರ ಮೇಲೆ ಎಸ್‌ಎಸ್ ಪಡೆಯ ಮಿಂಚಿನಂಥ ಜೋಡಿಗೆರೆ ಇರುತ್ತದೆ. ಅದನ್ನು ಹುಡುಕಿ ಕೊಳ್ಳುವವರಿದ್ದಾರೆ. ನಾನು ಮನೆಯೊಳಗೆ ತರಲಾರೆ.

ಬಂದೂಕಿಗೂ ಬೆರಳಚ್ಚಿಗೂ ನಂಟು ಹಳೆಯದು. 1873ರಲ್ಲಿ ಈ ಯಂತ್ರದ ತಯಾರಿಕೆಗೆ ಕೈಹಾಕಿದ ರೆಮಿಂಗ್ಟನ್ನರು ಬಂದೂಕು ಮಾಡುವವರೇ. ಎರಡನೆಯ ಯುದ್ಧ ಬಂದಾಗ ಸ್ಮಿತ್-ಕರೋನಾ ಕಾರ್ಖಾನೆ ರೈಫಲುಗಳನ್ನೂ ಅಂಡರ್‌ವುಡ್ ಕಾರ್ಖಾನೆ ಕಾರ್ಬೈನುಗಳನ್ನೂ ಮಾಡಿಕೊಟ್ಟವು.

ಇರಲಿ, ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಲಷ್ಕರ್ ಮೊಹಲ್ಲಾದ ಒಂದು ಮನೆಗೆ ಕೆಲವು ತಿಂಗಳ ಹಿಂದೆ ಹೋಗಿದ್ದೆ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರು ಮಂಚದ ಕೆಳಗಿನಿಂದ ಯಂತ್ರವೊಂದನ್ನು ಎಳೆಸಿದರು. “ಗುಜರಿಯವನು ತೂಕಕ್ಕೆ ಇನ್ನೂರು ಅಂದ, ನೀವೇನು ಕೊಡ್ತೀರಿ ಮೇಷ್ಟ್ರೇ?” ಬಗ್ಗಿಸಿ ನೋಡಿದೆ. ಧೂಳಿನ ಕೆಳಗೆ ಬಾಣ. ಎದೆ ಹಾರಿತು, ಮುಖ ಮಾತ್ರ ಅಲುಗಲಿಲ್ಲ. ಎಂಟುನೂರು ಕೊಟ್ಟೆ. ಆಕೆ ನನ್ನನ್ನು ಹರಸಿದರು. ಆ ಹರಕೆಯೇ ಆಮೇಲೆ ಚುಚ್ಚತೊಡಗಿತು.

ನಾನು ಸುಳ್ಳು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಹಾಗಾದರೆ ತಪ್ಪೆಲ್ಲಿ? ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಬರೆದ ಗ್ರಂಥದಲ್ಲಿ ಇಂಥದೇ ಒಂದು ತಕರಾರನ್ನು ಎತ್ತಿದ್ದಾನೆ. ಕ್ಷಾಮಪೀಡಿತ ರೋಡ್ಸ್ ದ್ವೀಪಕ್ಕೆ ವರ್ತಕನೊಬ್ಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದನ್ನು ಕಂಡಿದ್ದಾನೆ. ಅದನ್ನು ಜನರಿಗೆ ಹೇಳಬೇಕೆ? ಹೇಳದಿರುವುದೇ ಬೇರೆ, ಮರೆಮಾಚುವುದೇ ಬೇರೆ ಎಂದು ಡಯೋಜಿನಿಸನ ವಾದ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಮಾರುವವನಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿಯಬೇಕು ಎನ್ನುತ್ತಾನೆ. ಸಿಸೆರೋ ಶಿಷ್ಯನ ಕಡೆಗೆ. ಡಯೋಜಿನಿಸನ ಮಾತು ನನಗೆ ಹಿಡಿಸಿತು. ಹಿಡಿಸಿದ್ದಕ್ಕೆ ಕಾರಣ ಎಂಟುನೂರು ರೂಪಾಯಿ ಎಂಬುದೂ ಹೊಳೆಯಿತು.

ನಮ್ಮ ಶಾಂತಿಪರ್ವದಲ್ಲಿ ಕಾಶಿಯ ವ್ಯಾಪಾರಿ ತುಲಾಧಾರನು ತಪಸ್ವಿ ಜಾಜಲಿಗೆ ಧರ್ಮ ಹೇಳುತ್ತಾನೆ: ತನ್ನ ತಕ್ಕಡಿ ಎಲ್ಲರಿಗೂ ಸಮ ಎಂದು. ಗುಜರಿಯವನ ತಕ್ಕಡಿಯೂ ಸಮವೇ, ಅವನು ಕಬ್ಬಿಣವನ್ನು ಕಬ್ಬಿಣವೆಂದೇ ತೂಗಿದ. ನಾನು ಅವನಿಗಿಂತ ನಾಲ್ಕು ಪಟ್ಟು ಕೊಟ್ಟೆ, ಆದರೂ ನನ್ನ ತಟ್ಟೆಯಲ್ಲಿ ತೂಗದೆ ಉಳಿದದ್ದೊಂದಿತ್ತು. ವರ್ಷಗಟ್ಟಲೆ ದುಡಿದು ಸಂಪಾದಿಸಿದ ತಿಳಿವಳಿಕೆಗೆ ಕೂಲಿ ಬೇಡವೆ ಎಂದು ಕೇಳಬಹುದು. ಬೇಕು. ಆದರೆ ಆ ಕೂಲಿಯನ್ನು ಆಕೆಗೆ ಗೊತ್ತಿಲ್ಲದಂತೆ ಆಕೆಯ ಪೆಟ್ಟಿಗೆಯಿಂದಲೇ ತೆಗೆದುಕೊಳ್ಳುವುದು ಹೇಗೆ?

ಮೂರು ವಾರ ತಡೆದು, ಉಳಿದ ಹಣ ತೆಗೆದುಕೊಂಡು ಹೋದೆ. ಬಾಣದ ವಿಷಯ ತಿಳಿಸಿದೆ. “ಪಟಾಲಮ್ಮಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಏನು ಬರೀತಿದ್ರೋ, ಒಂದು ದಿನವೂ ಹೇಳಲಿಲ್ಲ” ಎಂದರು ಆಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಗುರುತು ನಿಮಗೆ ಅವತ್ತೇ ಕಾಣಿಸಿತ್ತಾ?” ಎಂದು ಕೇಳಿದರು.

ಕಾಣಿಸಿತ್ತು ಎಂದೆ. ಆಕೆ ನೋಟುಗಳನ್ನು ಇನ್ನೊಮ್ಮೆ ಎಣಿಸಿದರು.