ಉದ್ಯೋಗವೋ, ಉನ್ನತ ವ್ಯಾಸಂಗವೋ?

ಇಂಜಿನಿಯರಿಂಗ್ ವ್ಯಾಸಂಗದ ಅಂತಿಮ ವರ್ಷದಲ್ಲಿರುವ ತರುಣ ತರುಣಿಯರಿಗೆ ಎರಡು ಬಾಗಿಲುಗಳು ಬೇರೆ ಬೇರೆ ಕಾಲದಲ್ಲಿ ತೆರೆಯುತ್ತವೆ. ಕಂಪನಿಗಳು ಕಾಲೇಜಿಗೇ ಬಂದು ಆಯ್ಕೆ ನಡೆಸುವುದು ಸಾಮಾನ್ಯವಾಗಿ ಚಾತುರ್ಮಾಸ್ಯದ ದಿನಗಳಲ್ಲಿಯೇ ಮೊದಲಾಗುತ್ತದೆ. ಎಂ.ಟೆಕ್. ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆಯಾದರೋ ಫೆಬ್ರವರಿಯಲ್ಲಿ. ಫಲಿತಾಂಶ ಯುಗಾದಿಯ ಆಸುಪಾಸಿನಲ್ಲಿ. "ಬಂದ ಕೆಲಸ ಒಪ್ಪಿಕೊಂಡಿರು, ಸೀಟು ಸಿಕ್ಕರೆ ಬಿಟ್ಟರಾಯಿತು" ಎಂಬುದು ಮನೆಯ ಹಿರಿಯರ ಉಪದೇಶ. ನಾವೂ ಹಿರಿಯರ ಸಾಲಿನವರೇ ಆದ್ದರಿಂದ ಇದನ್ನು ಸ್ವಲ್ಪ ಪರಾಮರ್ಶಿಸುವುದು ಯುಕ್ತವೆನಿಸುತ್ತದೆ.

ಹಣದ ಲೆಕ್ಕ ಸುಲಭ. ಗೇಟ್ ಮೂಲಕ ಕೇಂದ್ರಸಂಸ್ಥೆಗಳಲ್ಲಿ ಎಂ.ಟೆಕ್. ಓದುವವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಮನೆಗೆ ಕಳುಹಿಸುವಷ್ಟು ಉಳಿಯದು. ತಂದೆಯ ನಿವೃತ್ತಿ, ತಂಗಿಯ ಓದು, ಬ್ಯಾಂಕಿನ ಸಾಲ ಎದುರಿಗಿರುವಾಗ ಉದ್ಯೋಗವನ್ನೇ ಆರಿಸಿದವರನ್ನು ವಿದ್ಯಾವಿಮುಖರೆನ್ನುವುದು ಅನ್ಯಾಯ. ಓದಲು ಹೊರಟವರನ್ನು ಸ್ವಾರ್ಥಿಗಳೆನ್ನುವುದೂ ಸಲ್ಲದು. ಧರ್ಮಸಂಕಟವಿರುವುದು, ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಇನ್ನೊಂದಕ್ಕೆ ಸಹಿ ಹಾಕುವಲ್ಲಿ.

ಕಂಪನಿಗಳೇನು ಮಾತು ಉಳಿಸಿಕೊಂಡಿವೆಯೇ ಎಂದು ತರುಣರು ಕೇಳುತ್ತಾರೆ. 2022ರಲ್ಲಿ ಆಯ್ಕೆಯಾದ ಪದವೀಧರರಲ್ಲಿ ಕೆಲವರು ಕರೆ ಬಾರದೆ ಎರಡು ವರ್ಷ ಕಾದದ್ದುಂಟು; ಆಕ್ಷೇಪ ನಿಜವೇ. ಆದರೆ ಒಬ್ಬನು ಮಾತು ತಪ್ಪಿದರೆ ಕಂಪನಿಗೆ ಆಗುವ ನಷ್ಟ ಅತ್ಯಲ್ಪ. ನಷ್ಟವೆಲ್ಲ ಅದೇ ತರಗತಿಯಲ್ಲಿ ಕುಳಿತು, ಆಯ್ಕೆಯಲ್ಲಿ ಒಂದು ಮೆಟ್ಟಿಲು ಕೆಳಗುಳಿದ ಸಹಪಾಠಿಯದು. ಜೂನ್ ತಿಂಗಳಲ್ಲಿ ಆ ಸ್ಥಾನ ಖಾಲಿ ಬಿದ್ದರೂ ಅವನಿಗೆ ಸುದ್ದಿಯೇ ತಿಳಿಯದು. ಒಬ್ಬ ವಿದ್ಯಾರ್ಥಿಗೆ ಒಂದೇ ಉದ್ಯೋಗವೆಂಬ ನಿಯಮವನ್ನು ಅನೇಕ ಕಾಲೇಜುಗಳು ಇಟ್ಟುಕೊಂಡಿರುವುದು ಇಂಥವನನ್ನು ನೆನೆದೇ. ಹಿರಿಯರ ಉಪದೇಶದಲ್ಲಿ ಅವನ ಪ್ರಸ್ತಾಪವೇ ಬರುವುದಿಲ್ಲ!

ಓದುವುದೇ ನಿಶ್ಚಯವೆಂದಾದವರು ಆಯ್ಕೆಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ನಿಶ್ಚಯವಿಲ್ಲದವರೇ ಬಹುಮಂದಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಎಲ್ಲವೂ ನಿಶ್ಚಯವಾಗಿರಲೆಂದು ಅಪೇಕ್ಷಿಸುವುದು ಅತಿಯಾದೀತು. ಕಾಯುವುದರಲ್ಲಿ ದೋಷವೂ ಇಲ್ಲ. ಐ.ಐ.ಟಿ.ಗಳ ಎಂ.ಟೆಕ್. ಪ್ರವೇಶದಲ್ಲಿ, ದೊರೆತ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವ ಅವಕಾಶವನ್ನು ನಿಯಮದಲ್ಲಿಯೇ ಕೊಟ್ಟಿದ್ದಾರೆ; ಅಲ್ಲಿ ಯಾರಿಗೂ ಏನನ್ನೂ ಮುಚ್ಚಿಟ್ಟಂತಾಗುವುದಿಲ್ಲ. ಉದ್ಯೋಗದ ವಿಷಯದಲ್ಲಿಯೂ ಒಪ್ಪುವ ಮೊದಲೇ ಕಾಲೇಜಿನ ಅಧಿಕಾರಿಗಳಿಗೆ ತಮ್ಮ ಇಂಗಿತವನ್ನು ತಿಳಿಸಬಹುದು. ಗೇಟ್ ಅಂಕಗಳು ಮೂರು ವರ್ಷ ಊರ್ಜಿತವಾಗಿರುವುದರಿಂದ, ಒಪ್ಪಿದ ಕೆಲಸವನ್ನು ಒಂದೆರಡು ವರ್ಷ ಶ್ರದ್ಧೆಯಿಂದ ಮಾಡಿ, ಸಾಲವನ್ನಿಳಿಸಿ, ಅನಂತರ ಓದಲು ಹೋಗುವ ಮಾರ್ಗವೂ ಉಂಟು. ಅಷ್ಟು ಕಾಯಲಾಗದೆ ಮನಸ್ಸು ಓದಿನ ಕಡೆಗೇ ತಿರುಗಿದರೆ, ಕೆಲಸಕ್ಕೆ ಸೇರಬೇಕಾದ ದಿನದವರೆಗೆ ಮೌನವಾಗಿರದೆ ಸೀಟು ಗೊತ್ತಾದಂದೇ ಕಂಪನಿಗೂ ಕಾಲೇಜಿಗೂ ಪತ್ರ ಬರೆಯಲಿ. ಆ ಸಹಪಾಠಿಯನ್ನು ಕರೆಯಲು ಆಗ ಇನ್ನೂ ಕೆಲವು ವಾರಗಳು ಉಳಿದಿರುತ್ತವೆ.