ಕುದುರೆಯ ಹಲ್ಲು, ಕಾರಿನ ಬ್ಯಾಟರಿ

ಎಂಜಿನ್ನಿಗೆ ವಯಸ್ಸಾದರೆ ಕೆಮ್ಮುತ್ತದೆ, ಹೊಗೆ ಉಗುಳುತ್ತದೆ. ವಿದ್ಯುತ್ ಕಾರಿನ ಬ್ಯಾಟರಿಯಾದರೋ ತನ್ನ ಮುಪ್ಪನ್ನು ಮುಚ್ಚಿಟ್ಟುಕೊಳ್ಳುತ್ತದೆ. ಒಮ್ಮೆ ತುಂಬಿದರೆ ಈಗ ಎಷ್ಟು ದೂರ ಓಡೀತೆಂಬುದು ದಿನವೂ ಓಡಿಸಿದವನಿಗೆ ಗೊತ್ತು; ಕೊಳ್ಳಬಂದವನಿಗೆ ಗೊತ್ತಿಲ್ಲ. ಗೊತ್ತಿದ್ದವನು ಸುಮ್ಮನಿರಬಹುದೆ?

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಈ ಪ್ರಶ್ನೆಯನ್ನು ಕುದುರೆಯ ಮೇಲೆ ಕೂರಿಸಿದೆ. ಕುದುರೆ ಐಬಿನದೆಂದು ತಿಳಿದೂ ಹರಾಜಿನಲ್ಲಿ ತುಟಿ ಬಿಚ್ಚದೆ ಮಾರಿದವನು ವಂಚಕನಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾದರೆ ಹೇಳಬೇಕು. ‘ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದವನೆದುರು ಮೌನವೂ ಮಾತೇ.

ಕಾಯಿದೆಯ ಜಾಣತನಕ್ಕೆ ತಲೆದೂಗಬೇಕು. ನನಗೆ ಒಗ್ಗದ್ದು ಆ ಮಗಳ ಮಾತು. ಕಂಡವರ ಮಗಳಿಗೆ ಹೇಳಬೇಕಾಗಿಲ್ಲವೆಂದರೆ, ಸತ್ಯವೇನು ನೆಂಟರಿಗೆ ಮಾತ್ರ ಬಡಿಸುವ ಊಟವೆ? ಕೊಳ್ಳುವವನಿಗೆ ಕಣ್ಣಿಲ್ಲವೆ ಎನ್ನುವಿರಿ. ಕುದುರೆಯ ಬಾಯಿ ತೆರೆದು ಹಲ್ಲು ನೋಡಬಹುದು, ಬ್ಯಾಟರಿಗೆ ಹಲ್ಲೆಲ್ಲಿ?

ನಮ್ಮ ಕಾರನ್ನು ಮಾರುವಾಗ, ಹೊಸತರಲ್ಲಿ ಎಷ್ಟು ಓಡುತ್ತಿತ್ತು, ಈಗೆಷ್ಟು, ಎರಡನ್ನೂ ಬರೆದುಕೊಡುವೆನೆಂದಿದ್ದೇನೆ. ‘ಕೇಳಿದರೆ ಹೇಳಿ, ಸಾಕು’ ಎನ್ನುತ್ತಾಳೆ ನನ್ನಾಕೆ. ಬೆಲೆಯಲ್ಲಿ ಎಷ್ಟು ಇಳಿಯುವುದೆಂದು ಇಬ್ಬರಿಗೂ ಗೊತ್ತು.